ಹೊರೆಗಲ್ಲಿನ ಸ್ಟಾಪು

ದೆವ್ವ, ಗಾಳಿ, ಶಕುನ ಇವುಗಳನ್ನು ನಾನು ಎಂದೂ ನಂಬಿದವಳಲ್ಲ. ನಂಬುವುದಕ್ಕೆ ಅವಕಾಶ ಬೇಕಾದಷ್ಟಿತ್ತು. ಹರಿಹರದ ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿ, ಹೆಡ್ ನರ್ಸಾಗಿ ನಿವೃತ್ತಿಯಾಗುವವರೆಗೆ ಎಷ್ಟೋ ರಾತ್ರಿಗಳನ್ನು ವಾರ್ಡಿನಲ್ಲಿ ಕಳೆದಿದ್ದೇನೆ. ಕೊನೆಯ ಮಂಚದ ಹತ್ತಿರ ಯಾರೋ ಓಡಾಡುತ್ತಾರೆ, ಖಾಲಿ ಕೋಣೆಯಲ್ಲಿ ಟ್ರೇ ಸದ್ದಾಗುತ್ತದೆ ಎಂದು ಆಯಾಗಳು ಬಂದು ಹೇಳಿದಾಗಲೆಲ್ಲ ಟಾರ್ಚ್ ಹಿಡಿದು ಹೋಗಿ ನೋಡುತ್ತಿದ್ದೆ. ಒಮ್ಮೆ ಕಿಟಕಿಯ ಚಿಲಕ ಸಡಿಲವಾಗಿರುತ್ತಿತ್ತು, ಇನ್ನೊಮ್ಮೆ ಹೆಗ್ಗಣ. ಕಾರಣವಿಲ್ಲದ ಸದ್ದು ನನಗೆ ಒಂದೂ ಸಿಗಲಿಲ್ಲ. ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ನಮ್ಮ ಯಜಮಾನರು ಹಾಲಪ್ಪ, ದಾವಣಗೆರೆಗೂ ಹರಿಹರಕ್ಕೂ ನಡುವೆ ಖಾಸಗಿ ಬಸ್ಸು ಓಡಿಸುತ್ತಿದ್ದವರು. ಕೆಲಸ ಬಿಟ್ಟ ಕೆಲವು ವರ್ಷಗಳ ಮೇಲೆ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸೋತವು. ಮಾತು ಹೋಯಿತು. ಪೂರ್ತಿ ಹೋಗಲಿಲ್ಲ, ಒಂದೇ ಒಂದು ಶಬ್ದ ಉಳಿಯಿತು: ‘ಸಾಕು’. ನೀರು ಬೇಕಾದರೂ ಸಾಕು, ಫ್ಯಾನ್ ಹಾಕಬೇಕಾದರೂ ಸಾಕು, ಸಿಟ್ಟು ಬಂದರೂ ಸಾಕು. ಇಂಥ ರೋಗಿಗಳನ್ನು ನಾನು ನೋಡಿದ್ದೆ. ಮನಸ್ಸಿನಲ್ಲಿ ಹೇಳಬೇಕಾದ್ದು ಇರುತ್ತದೆ, ಬಾಯಿಗೆ ಬರುವುದು ಮಾತ್ರ ಆ ಒಂದೇ ಶಬ್ದ.

ಮೊದಲ ತಿಂಗಳುಗಳಲ್ಲಿ ಕೈ ಆಡಿಸದಿದ್ದರೆ ಸೆಟೆದುಕೊಂಡು ಬಿಡುತ್ತದೆ, ಮಾತೂ ಹಾಗೆಯೇ ಎಂದು ಡಾಕ್ಟರು ಎಚ್ಚರಿಸಿದ್ದರು. ನಾನು ವಾರ್ಡಿನ ಶಿಸ್ತನ್ನೇ ಮನೆಗೆ ತಂದೆ. ಬೆಳಿಗ್ಗೆ ವ್ಯಾಯಾಮ, ಸ್ನಾನ, ಮಾತ್ರೆ, ಊಟ, ವಿಶ್ರಾಂತಿ, ಮತ್ತೆ ವ್ಯಾಯಾಮ. ಅವರು ಸಹಕರಿಸಲಿಲ್ಲ. ಹಿಂಡಲು ಕೊಟ್ಟ ರಬ್ಬರ್ ಚೆಂಡನ್ನು ಎಡಗೈಯಿಂದ ತೆಗೆದು ಗೋಡೆಗೆ ಎಸೆದರು. ಆದರೆ ಊಟವಾದ ಮೇಲೆ ತಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ಆ ಕಡೆ ಈ ಕಡೆ ತಿರುಗಿಸುತ್ತಾ ಕೂರುತ್ತಿದ್ದರು. ಬಲಗೈ ಬೆರಳು ಜಾರುತ್ತಿದ್ದವು. ಅವರು ಎಡಗೈಯಿಂದ ಅದನ್ನು ಮತ್ತೆ ಎತ್ತಿ ಇಟ್ಟುಕೊಳ್ಳುತ್ತಿದ್ದರು.

ಇದನ್ನು ಕಂಡವನು ಸಲೀಮ. ದಾವಣಗೆರೆಯಲ್ಲಿ ನಾವಿರುವ ನಿಟ್ಟುವಳ್ಳಿಯಲ್ಲೇ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಓದುವಾಗ ಹಾಲಪ್ಪನವರ ಬಸ್ಸಿನಲ್ಲೇ ಹರಿಹರದ ಕಾಲೇಜಿಗೆ ಹೋದವನು. ನಮ್ಮ ಮನೆಯ ಕಂಪ್ಯೂಟರ್ ನೋಡಲು ಬಂದಿದ್ದವನು ತಟ್ಟೆ ತಿರುಗಿಸುವುದನ್ನು ಸ್ವಲ್ಪ ಹೊತ್ತು ನೋಡಿದ. ಮರುದಿನ ಯಾರೋ ಗಿರಾಕಿ ಬಿಟ್ಟುಹೋಗಿದ್ದ ಆಟದ ಸ್ಟೀರಿಂಗನ್ನೂ ಪೆಡಲನ್ನೂ ತಂದು ಮೇಜಿಗೆ ಬಿಗಿದ. ಕಾರ್ ರೇಸಿನ ಆಟವೊಂದನ್ನು ಹಾಕಿದ. ಕ್ಲಚ್ಚು ಬೇಡದಂತೆ, ಎಡಗಾಲೊಂದರಲ್ಲೇ ಓಡಿಸುವಂತೆ ಹೊಂದಿಸಿಕೊಟ್ಟ.

“ಏನ್ ಹಾಲಪ್ಪಣ್ಣ, ಲೈಸೆನ್ಸ್ ಐತೆನು?” ಎಂದ.

“ಸಾಕು,” ಎಂದರು ಇವರು.

“ನೋಡ್ರಿ ಸಿಸ್ಟರಮ್ಮ, ಬಾಯಾಗೆ ಸಾಕು ಅಂತಾರೆ, ಕೈ ಮಾತ್ರ ಬಿಡವಲ್ರು!”

ಹೊರದೇಶದ ಕಾರುಗಳು ಅಕ್ಕಪಕ್ಕದಲ್ಲಿ ಬಾಣದಂತೆ ಹೋಗುತ್ತಿದ್ದರೆ ಇವರು ರಸ್ತೆಯ ಎಡಬದಿಗೆ ಮೆಲ್ಲಗೆ ಹೋಗುತ್ತಾ ಅಲ್ಲಲ್ಲಿ ನಿಲ್ಲಿಸುತ್ತಿದ್ದರು. “ರೇಸಿನಾಗೆ ಸ್ಟಾಪ್ ಕೊಡ್ತಾರಲ್ರೀ!” ಎಂದು ಸಲೀಮ ಹೊಟ್ಟೆ ಹಿಡಿದುಕೊಂಡು ನಕ್ಕ. ಇವರೂ ನಕ್ಕರು. ಲಕ್ವ ಹೊಡೆದ ಮೇಲೆ ಅದೇ ಮೊದಲು.

ಆದರೆ ಒಂದು ವಾರಕ್ಕೇ ಅವರಿಗೆ ಬೇಸರ ಬಂತು. ಆಟದ ಕಾರಿನಿಂದ ರಸ್ತೆ ನೆಲಮಟ್ಟದಲ್ಲಿ ಕಾಣುತ್ತಿತ್ತು, ಅವರಿಗೆ ಬಸ್ಸಿನ ಎತ್ತರ ಬೇಕಿತ್ತು. ಸ್ಟೀರಿಂಗನ್ನು ತಳ್ಳಿ ಮತ್ತೆ ತಟ್ಟೆ ಹಿಡಿದರು. ನನಗೆ ಗಾಬರಿಯಾಯಿತು. ಸಲೀಮನನ್ನು ಕೇಳಿದೆ.

“ಬಸ್ಸೂ ಹಾಕಬಹುದ್ರಿ. ಆಟದ ಕಂಪ್ನಿಯೋರು ಕೊಟ್ಟಿರಲ್ಲ. ಹುಚ್ಚಿರೋರು ಯಾರಾರ ಮನ್ಯಾಗೆ ಕುಂತು ಬಸ್ಸು, ರೋಡು ಮಾಡಿ ನೆಟ್ಟಿನಾಗೆ ಇಟ್ಟಿರ್ತಾರೆ. ಮಾಡ್ ಅಂತಾರೆ ಅದಕ್ಕೆ. ಇಳಿಸ್ಕಂಡು, ಜಿಪ್ ಫೈಲಿನ ಗಂಟು ಬಿಚ್ಚಿ, ಆಟದ ಫೋಲ್ಡರಿನಾಗೆ ಸರಿಯಾದ ಜಾಗದಾಗೆ ಇಟ್ರೆ ಆತು. ನಾನ್ ಬಂದು ಹಾಕ್ತೀನಿ ತಗಳ್ರಿ.”

“ಪದೇ ಪದೇ ನಿನ್ನ ಕರೀಲಾ? ಹೇಳಿಕೊಡು, ನಾನೇ ಹಾಕ್ತೀನಿ,” ಎಂದೆ.

ಫೋನಿನಲ್ಲಿ ಹೇಳಿದ, ನಾನು ಬರೆದುಕೊಂಡೆ. ಕೆಲಸ ನನಗೆ ಹೊಸದೆನಿಸಲಿಲ್ಲ. ಔಷಧದ ಬಾಟಲಿಯ ಚೀಟಿಯನ್ನು ಮೂರು ಸಲ ಓದಬೇಕೆಂದು ನಮಗೆ ಕಲಿಸಿದ್ದರು: ಬೀರುವಿನಿಂದ ತೆಗೆಯುವಾಗ, ಅಳೆದು ಸುರಿಯುವಾಗ, ತಿರುಗಿ ಇಡುವಾಗ. ಹಾಗೆಯೇ ಮಾಡಿದೆ. ಮೊದಲು ಹಳೆಯ ಫೈಲುಗಳ ಪ್ರತಿಯನ್ನು ಬೇರೆ ಕಡೆ ಇಟ್ಟೆ. ಬಸ್ಸಿನ ಫೋಲ್ಡರನ್ನು ಹೆಸರು ಓದಿ ತೆಗೆದೆ, ಓದಿ ಇಟ್ಟೆ, ಇಟ್ಟ ಮೇಲೆ ಮತ್ತೆ ಓದಿದೆ. ಆಟ ತೆರೆದರೆ ಬಸ್ಸು ನಿಂತಿತ್ತು. ಸಲೀಮ ಒಂದು ರಸ್ತೆಯನ್ನೂ ಕಳಿಸಿದ್ದ, ‘ಹಳ್ಳಿ ರಸ್ತೆ’ ಎಂಬ ಅರ್ಥದ ಇಂಗ್ಲಿಷ್ ಹೆಸರು. ಅದು ಹೇಗಿದೆ ಎಂದು ಅವನೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಅದನ್ನೂ ಅದೇ ಕ್ರಮದಲ್ಲಿ ಇಟ್ಟೆ.

ಊಟ, ಮಾತ್ರೆ, ವಿಶ್ರಾಂತಿ ಮುಗಿಸಿ ಅವರನ್ನು ಕುರ್ಚಿಯಲ್ಲಿ ಕೂರಿಸಿದೆ. ಬಲಗೈಯನ್ನು ಎತ್ತಿ ಸ್ಟೀರಿಂಗಿನ ಮೇಲಿಟ್ಟೆ. ರಸ್ತೆಗಳ ಪಟ್ಟಿಯಲ್ಲಿ ಕೊನೆಗಿದ್ದ ಆ ಹೊಸ ರಸ್ತೆಯನ್ನು ಒತ್ತಿದ್ದು ನನಗೆ ಚೆನ್ನಾಗಿ ನೆನಪಿದೆ. ಬಳಿಕ ಅವರ ಹಿಂದೆ ನಿಂತು, ಒಗೆದ ಬಟ್ಟೆ ಮಡಚತೊಡಗಿದೆ. ನಡು ಮಧ್ಯಾಹ್ನ. ಬೀದಿಯಲ್ಲಿ ತರಕಾರಿಯವನು ಕೂಗಿಕೊಂಡು ಹೋಗುತ್ತಿದ್ದ.

ಅಗಲವಿಲ್ಲದ ಡಾಂಬರು ರಸ್ತೆ. ಎರಡೂ ಬದಿಗೆ ಹುಣಸೆಮರಗಳು, ನಡುವೆ ಬಿದ್ದ ನೆರಳು. ಪರವಾಗಿಲ್ಲ, ಯಾರೋ ನಮ್ಮ ಕಡೆಯವರೇ ಮಾಡಿದ್ದಾರೆ ಅಂದುಕೊಂಡೆ. ಸುಣ್ಣ ಹಚ್ಚಿದ ಸಣ್ಣ ಮೋರಿಕಟ್ಟೆ ಬಂತು. ಅದರ ಒಂದು ಮೂಲೆ ಮುರಿದಿತ್ತು. ಆಮೇಲೆ ಎಡಕ್ಕೆ ತಿರುವು. ನನ್ನ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು.

ಆ ರಸ್ತೆಯಲ್ಲಿ ನಾನು ವರ್ಷಗಟ್ಟಲೆ ಓಡಾಡಿದ್ದೆ. ನನ್ನ ತವರುಮನೆ ಇದ್ದದ್ದು ದಾವಣಗೆರೆಯ ಆಚೆ, ಹರಿಹರಕ್ಕೆ ಹೋಗುವ ಹಳೆಯ ರಸ್ತೆಯ ಮಗ್ಗುಲಲ್ಲಿ. ಆ ತಿರುವು ದಾಟಿದರೆ ಒಂದು ಹೊರೆಗಲ್ಲು ಇತ್ತು. ಎರಡು ಕಲ್ಲುಕಂಬದ ಮೇಲೆ ಒಂದು ಅಡ್ಡಗಲ್ಲು, ತಲೆಹೊರೆಯವರು ಹೊರೆ ಇಳಿಸಿ ಸುಧಾರಿಸಿಕೊಳ್ಳಲು ಹಿಂದಿನವರು ನಿಲ್ಲಿಸಿದ್ದು. ಡ್ಯೂಟಿಗೆ ಹೋಗುವಾಗ ನಾನು ಅದರ ಮೇಲೆ ಚೀಲವಿಟ್ಟು ಬಸ್ಸಿಗೆ ಕಾಯುತ್ತಿದ್ದೆ. ಅಲ್ಲಿ ಸ್ಟಾಪ್ ಇರಲಿಲ್ಲ. ಹಾಲಪ್ಪನವರೊಬ್ಬರೇ ನಿಲ್ಲಿಸುತ್ತಿದ್ದವರು. ಕಂಡಕ್ಟರು ಗೊಣಗುತ್ತಿದ್ದ, ಇವರು ಕೇಳಿಸಿಕೊಳ್ಳುತ್ತಿರಲಿಲ್ಲ. ನಮ್ಮ ಮದುವೆಯಾದದ್ದು ಹಾಗೆ. ರಸ್ತೆ ಅಗಲ ಮಾಡಿದಾಗ ಮರಗಳು ಹೋದವು, ಮೋರಿ ಹೋಯಿತು. ಹೊರೆಗಲ್ಲನ್ನು ಯಂತ್ರ ಕಿತ್ತು ಗುಂಡಿಗೆ ತಳ್ಳಿದ್ದನ್ನು ನಾನೇ ಬಸ್ಸಿನ ಕಿಟಕಿಯಿಂದ ನೋಡಿದ್ದೆ.

ಈಗ ಅದು ಪರದೆಯ ಮೇಲೆ ನಿಂತಿತ್ತು. ಅಡ್ಡಗಲ್ಲಿನ ಮೇಲೆ ಕೆಂಪು ಚೀಲ. ಪಕ್ಕದಲ್ಲಿ ಬಿಳಿ ಸೀರೆಯ ಒಬ್ಬ ಹೆಂಗಸು. ಮುಖ ತಿಳಿಯುವಷ್ಟು ಹತ್ತಿರವಿರಲಿಲ್ಲ. ಆಗ ನಮ್ಮ ಡ್ಯೂಟಿ ಸೀರೆ ಬಿಳಿಯದು. ನಮ್ಮ ತಾಯಿ ಹಳೆಯ ಸೀರೆಯಲ್ಲಿ ನನಗೊಂದು ಕೆಂಪು ಚೀಲ ಹೊಲಿದುಕೊಟ್ಟಿದ್ದಳು. ಇಷ್ಟನ್ನು ಮಾತ್ರ ಹೇಳುತ್ತೇನೆ, ಹೆಚ್ಚಿಗೆ ಹೇಳಲಾರೆ.

ಯಜಮಾನರು ಬಸ್ಸನ್ನು ಎಡಕ್ಕೆ ತೆಗೆದುಕೊಂಡು ಮೆಲ್ಲಗೆ ನಿಲ್ಲಿಸಿದರು. ಎಂಜಿನ್ನು ಗುರುಗುಡುತ್ತಿತ್ತು. ಅವರು ಕತ್ತನ್ನು ಸ್ವಲ್ಪ ಎಡಕ್ಕೆ ತಿರುಗಿಸಿ, ತಡವರಿಸದೆ ಹೇಳಿದರು:

“ಸಿಸ್ಟರ್, ಹತ್ರಿ. ಟೈಮಾತು.”

ಎಷ್ಟೋ ತಿಂಗಳಿಂದ ‘ಸಾಕು’ ಬಿಟ್ಟು ಬೇರೆ ಮಾತಾಡದ ಬಾಯಿ. ಮದುವೆಯಾದ ಮೇಲೆ ಅವರು ನನ್ನನ್ನು ಎಂದೂ ಸಿಸ್ಟರ್ ಎಂದು ಕರೆದವರಲ್ಲ. ಪರದೆಯ ಹೆಂಗಸು ಅಲುಗಲಿಲ್ಲ. ಇವರಿಗೆ ಸಿಡುಕು ಬಂತು, ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ಬರುತ್ತಿದ್ದಂತೆಯೇ.

“ಹತ್ರೀ, ಹಿಂದೆ ಗಾಡಿ ಅದಾವು!”

ನಾನು ಏನು ಯೋಚಿಸಿದೆನೋ ಗೊತ್ತಿಲ್ಲ. ಅವರ ಕುರ್ಚಿಯ ಬೆನ್ನು ಹಿಡಿದು, “ಹತ್ತೀನ್ರಿ, ಹೋಗ್ರಿ,” ಎಂದೆ.

ಅವರು ತಲೆಯಾಡಿಸಿದರು. ಸ್ಟೀರಿಂಗ್ ಬಲಕ್ಕೆ ತಿರುಗಿತು. ಬಲಗೈ ಜಾರಲಿಲ್ಲ, ಬೆರಳು ಬಿಗಿಯಾಗಿದ್ದವು, ನಾನು ಕಣ್ಣಾರೆ ನೋಡಿದೆ. ತಿರುಗಿ ಪರದೆ ನೋಡಿದಾಗ ಹೊರೆಗಲ್ಲು ಬರಿದಾಗಿತ್ತು. ಹೆಂಗಸೂ ಇಲ್ಲ, ಚೀಲವೂ ಇಲ್ಲ. ಬಸ್ಸು ಮುಂದೆ ಹೋಯಿತು. ದೂರದಲ್ಲಿ ಹರಿಹರದ ಹೊಳೆಯ ಸೇತುವೆ ಕಾಣುವಷ್ಟರಲ್ಲಿ ಅವರು ಬ್ರೇಕ್ ಒತ್ತಿ, “ಸಾಕು,” ಎಂದರು. ಕಂಪ್ಯೂಟರನ್ನು ಕ್ರಮಪ್ರಕಾರ ಆರಿಸಿ, ಅವರನ್ನು ಮಲಗಿಸಿ, ನಾಡಿ ನೋಡಿದೆ. ಸರಿಯಾಗಿತ್ತು. ನನ್ನದನ್ನು ನೋಡಿಕೊಂಡೆ. ಅದು ಸರಿಯಿರಲಿಲ್ಲ.

ಮರುದಿನ ಅದೇ ಹೊತ್ತಿಗೆ ಆಟ ತೆರೆದರೆ ಪಟ್ಟಿಯಲ್ಲಿ ಆ ರಸ್ತೆ ಇರಲಿಲ್ಲ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದೆ. ಸಲೀಮನನ್ನು ಕರೆಸಿದೆ. ಅವನು ಫೋಲ್ಡರುಗಳನ್ನು ಒಂದೊಂದೇ ತೆರೆದು ನೋಡಿ ನಕ್ಕ.

“ಇದು ಎಲ್ಲರೂ ಮಾಡೋ ತಪ್ಪು ಸಿಸ್ಟರಮ್ಮ. ಗಂಟು ಬಿಚ್ಚಿದಾಗ ಫೋಲ್ಡರಿನೊಳಗೆ ಅದೇ ಹೆಸರಿಂದು ಇನ್ನೊಂದು ಫೋಲ್ಡರ್ ಕುಂತೈತೆ. ಒಳಗಿಂದು ಇಡಬೇಕಿತ್ತು, ನೀವು ಹೊರಗಿಂದು ಇಟ್ಟೀರಿ. ಹಿಂಗಿದ್ರೆ ಆಟಕ್ಕೆ ಇದು ಕಾಣಂಗೇ ಇಲ್ಲ.”

ನಾನು ಚೀಟಿಯನ್ನು ಮೂರು ಸಲ ಓದಿದ್ದೆ. ಒಳಗಿನದಕ್ಕೂ ಹೊರಗಿನದಕ್ಕೂ ಚೀಟಿ ಒಂದೇ.

“ನಿನ್ನೆ ಈ ರಸ್ತೆ ಓಡಿಸಿದ್ವಿ ಸಲೀಮ.”

“ಇಲ್ರಿ, ಬೇರೆ ಯಾವುದೋ ಇರಬೇಕು.”

ನಡೆದದ್ದನ್ನು ಹೇಳಿದೆ. ಅವನು ನಗುವುದನ್ನು ನಿಲ್ಲಿಸಿದ. ಅಂದು ಸಂಜೆ ತನ್ನ ಅಂಗಡಿಗೆ ಕರೆದೊಯ್ದು, ಅದೇ ರಸ್ತೆಯನ್ನು ತನ್ನ ಕಂಪ್ಯೂಟರಿನಲ್ಲಿ ಸರಿಯಾದ ಜಾಗದಲ್ಲಿಟ್ಟು ತೆರೆದು ತೋರಿಸಿದ. ಯಾವುದೋ ಚಳಿದೇಶದ ಹಳ್ಳಿ. ಹಳದಿ ಹೂವಿನ ಹೊಲ, ಕಲ್ಲಿನ ಬೇಲಿ, ಇಳಿಜಾರು ಚಾವಣಿಯ ಮನೆಗಳು. ಕೊನೆಯವರೆಗೂ ಓಡಿಸಿದ. ಒಂದು ಹುಣಸೆಮರವಿಲ್ಲ. ನಿಂತ ಒಬ್ಬ ಮನುಷ್ಯನಿಲ್ಲ. ಆಟದಲ್ಲಿ ಮೊದಲಿಂದ ಇದ್ದ ರಸ್ತೆಗಳನ್ನೂ ಒಂದೊಂದಾಗಿ ತೆರೆದ. ಅವುಗಳಲ್ಲೂ ಇರಲಿಲ್ಲ.

“ಎರಡು ದಿನ ರೆಸ್ಟ್ ತಗಳ್ರಿ, ನೀವೂ ನಿದ್ದೆಗೆಟ್ಟೀರಿ,” ಎಂದ. ಕಂಪ್ಯೂಟರ್ ಆರಿಸುತ್ತಾ, “ಹಾಲಪ್ಪಣ್ಣ ಮಾತಾಡಿದ್ದು ಖರೇನಾ?” ಎಂದು ಕೇಳಿದ.

“ಖರೆ.”

“ಹಂಗಾರೆ ನಿಮ್ಮ ಮನೇಲಿ ಆ ಫೋಲ್ಡರ್ ಸರಿ ಮಾಡಿ ಇಟ್ಟುಬಿಡ್ಲಾ?”

“ಬ್ಯಾಡ. ಅದು ಇದ್ದಂಗೆ ಇರ್ಲಿ,” ಎಂದೆ.

ನಾನು ಎಲ್ಲ ರೀತಿಯಲ್ಲೂ ಯೋಚಿಸಿದ್ದೇನೆ. ಅಭ್ಯಾಸದ ಮಾತು ಇಂಥ ರೋಗಿಗಳಲ್ಲಿ ಒಮ್ಮೊಮ್ಮೆ ತಾನಾಗಿ ಹೊರಬೀಳುತ್ತದೆ, ಸ್ಟೀರಿಂಗ್ ಹಿಡಿದಾಗ ಬಂದಿರಬಹುದು ಎಂದರು ಡಾಕ್ಟರು. ಒಪ್ಪುತ್ತೇನೆ. ನಿದ್ದೆಗೆಟ್ಟ ಮಿದುಳು ಇಲ್ಲದ್ದನ್ನು ಕಾಣುತ್ತದೆ, ಅದನ್ನೂ ಒಪ್ಪುತ್ತೇನೆ. ಆದರೆ ಅವರು ಬಸ್ಸನ್ನು ನಿಲ್ಲಿಸಿದ್ದು ನಾನು ಬಾಯಿ ಬಿಡುವ ಮೊದಲು. ನಾನು ಕಂಡದ್ದು ನನ್ನ ಕಣ್ಣಿನ ತಪ್ಪಾದರೆ, ಅವರು ಕಂಡದ್ದು ಏನು? ಸಾಕ್ಷಿಗೆ ಇರುವವರು ಅವರೊಬ್ಬರೇ.

ಇದಾಗಿ ಕೆಲವು ವರ್ಷಗಳಾದವು. ಅವರ ಬಲಗೈ ಈಗ ಲೋಟ ಹಿಡಿಯುತ್ತದೆ. ನೀರು, ಅನ್ನ, ಬಾ, ಕೂಡು ಎಂಬಷ್ಟು ಮಾತು ತಿರುಗಿ ಬಂದಿದೆ. ಇಂಥ ಚೇತರಿಕೆ ಅಪರೂಪವಲ್ಲ. ‘ಸಿಸ್ಟರ್’ ಎಂಬುದು ಮಾತ್ರ ಮತ್ತೆ ಬಂದಿಲ್ಲ. ಒಂದು ದಿನ ಧೈರ್ಯ ಮಾಡಿ ಕೇಳಿದೆ, “ಅವತ್ತು ಹೊರೆಗಲ್ಲಿನ ಹತ್ರ ಯಾರನ್ನ ಹತ್ತಿಸ್ಕಂಡ್ರಿ?” ಅವರು ನನ್ನ ಮುಖ ನೋಡಿದರು. ತುಟಿ ಅಲುಗಿತು. ಹೊರಬಂದದ್ದು ಆ ಹಳೆಯ ‘ಸಾಕು’.

ಆ ಫೋಲ್ಡರ್ ಇಂದಿಗೂ ತಪ್ಪು ಜಾಗದಲ್ಲೇ ಇದೆ. ತಪ್ಪೆಂದು ಗೊತ್ತಿದ್ದೂ ನಾನು ಸರಿಪಡಿಸದೆ ಬಿಟ್ಟದ್ದು ಅದೊಂದನ್ನೇ. ದಿನವೂ ವಿಶ್ರಾಂತಿ ಮುಗಿದ ಮೇಲೆ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಪಟ್ಟಿಯನ್ನು ಕೊನೆಯವರೆಗೂ ಒಮ್ಮೆ ನೋಡುತ್ತೇನೆ. ಆಮೇಲೆ ಇರುವ ರಸ್ತೆಗಳಲ್ಲಿ ಒಂದನ್ನು ಒತ್ತಿ, ಅವರ ಹಿಂದೆ ಹೋಗಿ ನಿಲ್ಲುತ್ತೇನೆ.