ಪಟ್ಟಿ ಅಕ್ಕನ ಸೊನ್ನೆ

ನಮ್ಮ ಬೀದಿಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾರ ಮನೆಯಲ್ಲಿ ಗಂಡನದೊಂದು ಪಕ್ಷ ಹೆಂಡತಿಯದೊಂದು ಪಕ್ಷ, ಯಾವ ಅಜ್ಜನನ್ನು ಮತಗಟ್ಟೆಗೆ ಕುರ್ಚಿ ಸಮೇತ ಹೊತ್ತು ತರಬೇಕು, ಎಲ್ಲವೂ ಪಟ್ಟಿ ಅಕ್ಕನಿಗೆ ಬಾಯಿಪಾಠ. ನನ್ನ ಪಕ್ಕದ ಮನೆಯವಳು, ದರ್ಜಿ. ನಮ್ಮಿಬ್ಬರಿಗೂ ಒಂದೇ ಗೋಡೆ. ಅವಳ ಹೊಲಿಗೆ ಮೆಷಿನ್ನಿನ ಸದ್ದಿಗೆ ನಾನು ಎಷ್ಟು ಒಗ್ಗಿದ್ದೇನೆಂದರೆ ಅದು ನಿಂತಾಗಲೇ ನನಗೆ ಕಿರಿಕಿರಿ. ಹೊಲಿಯುವವರು ಊರಲ್ಲಿ ಹತ್ತು ಮಂದಿ ಸಿಗುತ್ತಾರೆ. ಮತದಾರರ ಪಟ್ಟಿಯನ್ನು ಅರೆದು ಕುಡಿದವಳು ಇವಳೊಬ್ಬಳೇ.

ಅವಳ ಲೆಕ್ಕಾಚಾರ ಮೂರು ಗುರುತಿನದು. ನಮ್ಮವರು ಅಂದರೆ ಸರಿ ಗುರುತು. ನಮ್ಮವರಲ್ಲ, ಕಾಲು ಸವೆಸಬೇಡ ಅಂದರೆ ತಪ್ಪು ಗುರುತು. ಇನ್ನೊಂದು ಸಲ ಹೋಗಿ ಮಾತಾಡಬೇಕು ಅಂದರೆ ಸೊನ್ನೆ. ಎಲ್ಲ ಪೆನ್ಸಿಲ್ಲಿನಲ್ಲೇ. ಯಾಕೆ ಪೆನ್ಸಿಲ್ಲು ಅಂತ ಒಮ್ಮೆ ಕೇಳಿದ್ದೆ. "ಜನ ಬದಲಾಗ್ತಾರಮ್ಮ, ಅಳಿಸೋಕೆ ಬರಬೇಕಲ್ಲ" ಅಂದಿದ್ದಳು. ವರ್ಷಕ್ಕೊಮ್ಮೆ ಹೊಸ ಪಟ್ಟಿ ಬಂದಾಗ ಮೆಷಿನ್ನು ಬದಿಗೆ ಸರಿಸಿ, ಹಳೆಯ ಗುರುತುಗಳನ್ನೆಲ್ಲ ಒಂದೊಂದಾಗಿ ಹೊಸದಕ್ಕೆ ಇಳಿಸುವಳು. ಇದೆಲ್ಲ ಯಾರಿಗಾಗಿ? ನಮ್ಮ ಶಾಸಕ ಸಾಹೇಬರಿಗಾಗಿ. ಹದಿನೈದು ವರ್ಷ, ಮೂರು ಚುನಾವಣೆ, ಮೂರರಲ್ಲೂ ಗೆದ್ದ ಮಹಾನುಭಾವ. ಗೆದ್ದ ಮರುದಿನ ಇವಳ ಹೊಸ್ತಿಲಿಗೆ ಬಂದು ಒಂದು ಲೋಟ ನೀರು ಕುಡಿದು ಹೋಗುತ್ತಿದ್ದ. ಆ ಲೋಟವನ್ನು ಅವಳು ಬೇರೆಯವರಿಗೆ ಕೊಡುತ್ತಿರಲಿಲ್ಲ. ನನಗೂ ಕೊಟ್ಟಿಲ್ಲ.

ಆ ಮನುಷ್ಯನಿಗಾಗಿ ಅವಳು ತಮ್ಮನನ್ನೇ ಕಳೆದುಕೊಂಡಳು. ತಮ್ಮನದು ಎರಡು ಬೀದಿ ಆಚೆ ಸೈಕಲ್ ರಿಪೇರಿ ಅಂಗಡಿ. ಅವನು ಎದುರು ಪಕ್ಷದವನು. ಹಿಂದಿನ ಚುನಾವಣೆಯಲ್ಲಿ ಇದೇ ಮುಂಬಾಗಿಲಲ್ಲಿ ನಿಂತು, "ನಿಮ್ ಸಾಹೇಬ ಇವತ್ತಲ್ಲ ನಾಳೆ ನಿಂಗೆ ಕೈ ಕೊಡ್ತಾನೆ, ಬರೆದಿಟ್ಕೋ ಅಕ್ಕಾ" ಅಂದ. ಇವಳಿಗೆ ಎಲ್ಲಿತ್ತೋ ಸಿಟ್ಟು, ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು, "ಇನ್ಮೇಲೆ ಈ ಹೊಸ್ತಿಲು ತುಳೀಬೇಡ" ಅಂದಳು. ಅವನೂ ಅವಳ ತಮ್ಮನೇ ತಾನೆ, ತುಳಿಯಲಿಲ್ಲ. ಅವನ ಮಗಳ ಮದುವೆಗೆ ಇವಳು ಹೋಗಲಿಲ್ಲ. ಮಗಳಿಗೆ ಮಗುವಾಯಿತು, ಅದನ್ನೂ ನೋಡಲಿಲ್ಲ. ಆದರೆ ಮಗುವಿನ ಅಳತೆ ಊಹಿಸಿ ಎರಡು ಅಂಗಿ ಹೊಲಿದು ಕಪಾಟಿನಲ್ಲಿಟ್ಟಿದ್ದಳು. ಕಳಿಸು ಅಂದರೆ, "ಅವನೇ ಬರಲಿ" ಅನ್ನುತ್ತಿದ್ದಳು.

ಈ ಸಲ ಸಾಹೇಬರಿಗೆ ಟಿಕೆಟ್ ತಪ್ಪಿತು. ಮೂರನೇ ದಿನಕ್ಕೆ ಎದುರು ಪಕ್ಷದ ಶಾಲು ಹೊದ್ದು ವೇದಿಕೆ ಮೇಲೆ ನಿಂತಿದ್ದರು. ಪಟ್ಟಿ ಅಕ್ಕ ನನ್ನ ಫೋನಿನಲ್ಲೇ ಆ ಭಾಷಣ ಕೇಳಿದಳು. "ಕಾರ್ಯಕರ್ತರ ಒತ್ತಾಯಕ್ಕೆ ಮಣಿದು ಈ ತೀರ್ಮಾನ ತಗೊಂಡಿದ್ದೇನೆ" ಅಂದರು ಸಾಹೇಬರು.

"ನಾನ್ಯಾವಾಗ ಒತ್ತಾಯ ಮಾಡ್ದೆ?" ಎಂದು ಅವಳು ನನ್ನನ್ನು ಕೇಳಿದಳು.

ಮಾಡಿದ್ದೀಯೇನೋ, ಮರೆತಿರಬೇಕು ಅಂತ ನಾನು ತಮಾಷೆ ಮಾಡಿದೆ. ಮಾಡಬಾರದಿತ್ತು. ಮನೆಮನೆಗೆ ಹೋಗಿ ಸಾಹೇಬರ ಪರವಾಗಿ ಭಾಷೆ ಕೊಟ್ಟ ಬಾಯಿ ಅವಳದು. ಆ ದಿನ ಮೆಷಿನ್ನು ನಿಂತಿತು. ನಾಲ್ಕು ದಿನ ಗೋಡೆಯಾಚೆಯಿಂದ ಸದ್ದೇ ಇಲ್ಲ.

ಐದನೇ ದಿನ ಬೆಳಿಗ್ಗೆ, ಪರದೆಗೆ ಅಂಚು ಹೊಲಿಸುವ ನೆಪ ಮಾಡಿಕೊಂಡು ನಾನು ಅಲ್ಲಿ ಕೂತಿದ್ದೆ. ಬಾಗಿಲಲ್ಲಿ ತಮ್ಮ ನಿಂತಿದ್ದ. ಉಗುರ ಸಂದಿಯ ಗ್ರೀಸು ಬಿಟ್ಟರೆ ಉಳಿದಂತೆ ಚೊಕ್ಕವಾಗಿ ಬಂದಿದ್ದ.

"ಒಳಗೆ ಬರ್ಲಾ ಅಕ್ಕಾ?"

ಅವಳು ಎದ್ದ ರಭಸಕ್ಕೆ ಸ್ಟೂಲು ಉರುಳಿತು. "ಬಾರೋ. ಕೂತ್ಕೋ. ಮಗು ಹೆಂಗಿದೆ? ನಡೀತಾನಾ?" ಉತ್ತರಕ್ಕೂ ಕಾಯದೆ ಟೀಗೆ ನೀರಿಟ್ಟಳು, ಕಪಾಟು ತೆಗೆದು ಆ ಎರಡು ಅಂಗಿ ತಂದು ಅವನ ತೊಡೆಯ ಮೇಲಿಟ್ಟಳು. "ನೀನು ಹೇಳಿದ್ದೇ ನಿಜ ಆಯ್ತು ಕಣೋ. ನಂದೇ ತಪ್ಪು" ಅಂದಳು. ಅವಳ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಟೀಯನ್ನು ಸಾಹೇಬರ ಲೋಟದಲ್ಲೇ ಕೊಟ್ಟಳು.

ಅವನು ಲೋಟ ಹಿಡಿದು ನೆಲ ನೋಡುತ್ತಿದ್ದ. "ಅಕ್ಕಾ, ಸಾಹೇಬ್ರು ಕಳಿಸಿದಾರೆ."

"ಯಾರು?"

"ಈಗ ನಮ್ ಪಕ್ಷ ಅಲ್ವಾ. ನಿನ್ ಪಟ್ಟಿ ಬೇಕಂತೆ, ಗುರುತು ಹಾಕಿರೋದು. ಬೇರೆ ಯಾರು ಕೇಳಿದ್ರೂ ಕೊಡಲ್ಲ, ನೀನು ಕೇಳಿದ್ರೆ ಕೊಡ್ತಾಳೆ ಅಂದ್ರು."

ನನಗೆ ಮೈಯೆಲ್ಲ ಉರಿಯಿತು. ಐದು ವರ್ಷ ಅಕ್ಕನ ಮುಖ ನೋಡದವನು, ತಾನೇ ಕಂಡಕಂಡಲ್ಲಿ ಬೈಯುತ್ತಿದ್ದ ಆ ಸಾಹೇಬನ ಮಾತು ಹೊತ್ತು ಬಂದಿದ್ದ. ಅಷ್ಟೂ ವರ್ಷ ಬಾರದವನನ್ನು ಕರೆತಂದದ್ದು ಒಂದು ಪಟ್ಟಿ. ನಾಲಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅವರ ಮನೆ, ಅವರ ಮಾತು.

ಪಟ್ಟಿ ಅಕ್ಕ ಮೆಷಿನ್ನಿನ ಡ್ರಾ ಎಳೆದು ಪಟ್ಟಿ ತೆಗೆದು ಅವನ ಮುಂದಿಟ್ಟಳು. ಅವನಿಗೂ ಆಶ್ಚರ್ಯವಾಗಿರಬೇಕು, ಬೇಗಬೇಗ ಪುಟ ತಿರುವಿದ. ತನ್ನ ಬೀದಿಯ ಪುಟದಲ್ಲಿ ಅವನ ಬೆರಳು ನಿಂತಿತು.

"ಇದು ನಮ್ ಮನೆ ಅಲ್ವಾ? ಸೊನ್ನೆ ಇದೆಯಲ್ಲ. ಏನು ಹಾಗಂದ್ರೆ?"

"ಇನ್ನೊಂದ್ಸಲ ಹೋಗಿ ಮಾತಾಡ್ಬೇಕು ಅಂತ."

"ಯಾವಾಗ ಹಾಕಿದ್ದು?"

"ಜಗಳ ಆದ ವಾರವೇ. ಆಮೇಲೆ ಪ್ರತಿ ವರ್ಷ ಹಾಕ್ತಾ ಬಂದೆ."

ಅವನು ಮತ್ತೆ ತಲೆ ಎತ್ತಲಿಲ್ಲ. ಅವಳು ಪಟ್ಟಿಯನ್ನು ತನ್ನ ಕಡೆ ಎಳೆದುಕೊಂಡು, ಸೂಜಿ ಡಬ್ಬಿಯಿಂದ ರಬ್ಬರು ತೆಗೆದು, ಆ ಸೊನ್ನೆಯನ್ನು ಉಜ್ಜಿ ಅಳಿಸಿದಳು. ಆಮೇಲೆ ಮೊದಲ ಪುಟಕ್ಕೆ ಹೋಗಿ ಮೇಲಿನ ಮೊದಲ ಹೆಸರಿನಿಂದ ಶುರು ಮಾಡಿದಳು. ಒಂದೊಂದೇ ಗುರುತು ಅಳಿಸುತ್ತ, ಕಾಗದ ಹರಿಯದ ಹಾಗೆ, ನಿಧಾನಕ್ಕೆ.

"ಅಕ್ಕಾ, ಏನ್ ಮಾಡ್ತಿದೀಯ?"

"ಟೀ ಕುಡಿ, ಆರೋಗುತ್ತೆ. ಮುಗಿಸಿ ಕೊಡ್ತೀನಿ, ತಗೊಂಡ್ ಹೋಗು."