ಔಷಧದ ಕಪಾಟಿನ ಕೀಲಿ

ಪರವಾನಗಿ ನಿಂತದ್ದು ನನ್ನಿಂದ. ಅಧಿಕಾರಿಯ ಕೈ ಬೆಚ್ಚಗೆ ಮಾಡಲಿಲ್ಲ, ಅದಕ್ಕೇ ಹೀಗಾಯಿತು ಎಂದು ಓಣಿಯವರು ಹೇಳಿಕೊಂಡು ತಿರುಗುತ್ತಾರೆ. ಸುಳ್ಳು. ಕಪಾಟಿನ ಕೀಲಿ ತೆಗೆದವಳು ನಾನು.

ಕಮಲಾಪುರ ಬಿಟ್ಟು ಕಲಬುರಗಿಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಮೊಮ್ಮಗಳು ಶಿವಲೀಲಾ ನರ್ಸಿಂಗ್ ಓದಿ, ಸೂಲಗಿತ್ತಿಯ ತರಬೇತಿಯನ್ನೂ ಮುಗಿಸಿ, ಐವಾನ್-ಎ-ಶಾಹಿ ಹತ್ತಿರ ಬಾಡಿಗೆ ಮನೆಯಲ್ಲಿ ಹೆರಿಗೆ ಕೇಂದ್ರ ತೆರೆದಳು. ಬಾಣಂತಿಯರಿಗೆ ಅಡುಗೆ ಮಾಡಲು ನನ್ನನ್ನು ಕರೆಸಿಕೊಂಡಳು. ಹೆರಿಗೆ ಕೋಣೆ ನೋಡಿ ಬೆಚ್ಚಿಬಿದ್ದೆ. ನಮ್ಮ ಊರಲ್ಲಿ ಹೆರುವ ಕೋಣೆ ಎಂದರೆ ಕತ್ತಲೆ, ಕಾವು, ಹೊಗೆ. ಇಲ್ಲಿ ಕಣ್ಣು ಕುಕ್ಕುವ ಬಿಳಿ ಗೋಡೆ, ಆಕ್ಸಿಜನ್ ಸಿಲಿಂಡರ್. ಒಳಗೆ ಹೋಗಲು ಬೇರೆ ಚಪ್ಪಲಿ. ಔಷಧದ ಕಪಾಟಿಗೆ ಸದಾ ಕೀಲಿ. ಬಾಗಿಲ ಮುಂದೆ ಆಂಬ್ಯುಲೆನ್ಸ್ ನಿಲ್ಲಲು ಜಾಗ ಬಿಡಬೇಕು. ಎಲ್ಲ ಸರ್ಕಾರದ ಮಾನದಂಡವಂತೆ. ಮಾನದಂಡ ಎಂದರೆ ಇಷ್ಟು ಇರಲೇಬೇಕು ಎಂಬ ಕಟ್ಟಳೆ.

ಊರಲ್ಲಿ ಬಾಗಿಲು ತೆಗೆದರೆ ಮಾತಾಡಿಸುವವರಿಗೆ ಕೊರತೆಯಿಲ್ಲ. ಇಲ್ಲಿ ಎದುರು ಮನೆಯವಳ ಹೆಸರು ತಿಳಿಯಲು ಮಳೆಗಾಲ ಕಳೆಯಬೇಕಾಯಿತು. ಅದೂ ನಾನು ರೊಟ್ಟಿ ಬಡಿಯುವ ಸದ್ದು ಕೇಳಿ ಅವಳೇ ಬಂದದ್ದರಿಂದ.

ತಾತ್ಕಾಲಿಕ ಪರವಾನಗಿ ಮುಗಿಯುತ್ತ ಬಂದಿತ್ತು. ಕಾಯಂ ಪರವಾನಗಿಗಾಗಿ ಅಧಿಕಾರಿ ಮೇಡಂ ತಪಾಸಣೆಗೆ ಬರುವ ದಿನವೇ ಮೋಮಿನಪುರದ ಶಬಾನಾ ನೋವು ತಿನ್ನುತ್ತ ಬಂದಳು. ಎಷ್ಟು ಹೊತ್ತಾದರೂ ಕೂಸು ಬರಲಿಲ್ಲ. ಹೀಗಾದಾಗ ನಮ್ಮ ಮನೆಗಳಲ್ಲಿ ಎಲ್ಲ ಕೀಲಿ ತೆಗೆಯುತ್ತೇವೆ, ಕೂಸಿಗೆ ದಾರಿ ಬಿಡಲಿ ಎಂದು. ಶಿವಲೀಲಾಳ ಕೀಲಿಗೊಂಚಲು ಮೇಜಿನ ಮೇಲಿತ್ತು. ಬೀರು ತೆಗೆದೆ, ಹಿತ್ತಲ ಬಾಗಿಲು ತೆಗೆದೆ, ಹೊರಕೋಣೆಯ ಔಷಧದ ಕಪಾಟನ್ನೂ ತೆಗೆದೆ.

ಕೂಸು ಹುಟ್ಟಿ ಗಟ್ಟಿಯಾಗಿ ಅತ್ತಿತು. ಆಗಲೇ ಮೇಡಂ ಬಂದರು. ತಾಯಿಯ ಜೊತೆ ಬಂದಿದ್ದ ಶಬಾನಾಳ ಹಿರಿಯ ಮಗಳು, ಇನ್ನೂ ತೊದಲುವ ವಯಸ್ಸು, ಕಪಾಟಿನ ಮುಂದೆ ಕೂತು ಇಂಜೆಕ್ಷನ್ ಬಾಟಲಿಯನ್ನು ಬಾಯಿಗಿಟ್ಟಿತ್ತು. ಮೇಡಂ ಓಡಿಹೋಗಿ ಕಿತ್ತುಕೊಂಡರು. ಪುಣ್ಯಕ್ಕೆ ಮುಚ್ಚಳ ಭದ್ರವಾಗಿತ್ತು.

"ಇದರ ಕೀಲಿ ಯಾರು ತಗದಾರ?"

"ನಾನೇ ರೀ. ಹೆರಿಗಿ ಸಲೀಸ ಆಗ್ಲಿ ಅಂತ."

ಶಿವಲೀಲಾ ತಲೆ ಹಿಡಿದುಕೊಂಡಳು. "ಆಯಿ, ನೀ ನನ್ನ ಕೇಂದ್ರಾನೇ ಮುಚ್ಚಸ್ತಿ ನೋಡು!"

ಮೇಡಂ ನನ್ನ ಕಡೆ ತಿರುಗಿದರು. "ಈ ಕೂಸು ಕುಡಿದಿದ್ರ ಏನ್ ಮಾಡ್ತಿದ್ರಿ ಅಜ್ಜಿ?"

ಕಪಾಟಿಗೆ ಕೀಲಿ ಹಾಕಿ ಗೊಂಚಲನ್ನು ಶಿವಲೀಲಾಳ ಕೈಗೆ ಕೊಟ್ಟೆ. ಕಟ್ಟಳೆ ಸರಿಯೇ ಇತ್ತು.

"ಮುಂದಿನ ವಾರ ಮತ್ತ ಬರ್ತೀನಿ. ಅಲ್ಲೀತನಕ ಹೊಸ ಹೆರಿಗಿ ತಗೋಬ್ಯಾಡ್ರಿ, ದೊಡ್ಡ ದವಾಖಾನಿಗಿ ಕಳಸ್ರಿ. ಆವಾಗೂ ಕಪಾಟು ತೆರದಿತ್ತಂದ್ರ ಪರವಾನಗಿ ಮರೀರಿ."

"ಒಂದೂ ಕೀಲಿ ತಗೀಲಿಲ್ಲಂದ್ರ ಹೆರೋವ್ರಿಗಿ ಧೈರ್ಯ ಬರಂಗಿಲ್ರಿ," ಎಂದೆ.

ಒಳಗಿನಿಂದ ಶಬಾನಾ ಕೂಗಿದಳು, "ಹೌದ್ರಿ ಮೇಡಂ, ನಮ್ಮ ಮನ್ಯಾಗೂ ತಗೀತಾರ!"

ಮೇಡಂಗೆ ನಗು ಬಂತು. "ತಗೀರಿ, ಯಾರು ಬ್ಯಾಡಂದ್ರು? ಔಷಧಿದೊಂದು ಬಿಟ್ಟು ಬ್ಯಾರೆ ಏನರ ತಗೀರಿ."

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಕಮಲಾಪುರಕ್ಕೆ ಹೋದೆ. ತಮ್ಮನ ಮನೆಯಲ್ಲಿ ನನ್ನ ಕಬ್ಬಿಣದ ಟ್ರಂಕು ಇತ್ತು. ಅದನ್ನು ಒಯ್ದರೆ ಊರು ಬಿಟ್ಟಂತೆಯೇ ಎಂದು ಅಲ್ಲೇ ಇಟ್ಟಿದ್ದೆ.

"ಪೂರಾ ಹೊಂಟಿಯೇನಕ್ಕಾ?" ಎಂದ ತಮ್ಮ.

"ಟ್ರಂಕಷ್ಟೇ ಹೊಂಟದ. ಕೇಂದ್ರದ ಪಡಸಾಲ್ಯಾಗ ಇಡ್ತೀನಿ. ಯಾರಿಗರ ನೋವು ಬಂದ್ರ ಅದರ ಕೀಲಿ ತಗ್ಯಾಕ."

ಒಳಗಿದ್ದ ಸೀರೆಗಳನ್ನೆಲ್ಲ ತೆಗೆದು ಅವನ ಮನೆಯ ಗೂಟಕ್ಕೆ ಹಾಕಿದೆ. ಖಾಲಿ ಟ್ರಂಕು ಹೊತ್ತುಕೊಂಡು ಕಲಬುರಗಿಯ ಬಸ್ಸು ಹತ್ತಿದೆ.