ಹೊತ್ತು ಮುಳುಗಿತ್ತೋ ಇಲ್ಲವೋ

ಶೇಡಬಾಳದ ಸುಗಂಧಾ ಯಾರೊಂದಿಗೂ ಜಗಳಕ್ಕೆ ನಿಂತವಳಲ್ಲ. ದ್ರಾಕ್ಷಿ ತೋಟದ ಆಳುಗಳ ಮೇಲೂ ದನಿ ಏರಿಸಿದವಳಲ್ಲ. ಅದಕ್ಕೇ ಜಿಲ್ಲಾ ಪಂಚಾಯ್ತಿ ಚುನಾವಣೆ ಬಂದಾಗ ಪಕ್ಷದವರು ಹೆಣ್ಣುಮಕ್ಕಳ ಪ್ರಚಾರ ತಂಡವನ್ನು ಅವಳ ಕೊರಳಿಗೆ ಕಟ್ಟಿದರು.

ತಂಡದಲ್ಲಿ ಚುರುಕಾದವರು ಇಬ್ಬರು. ಜೈನರ ಓಣಿಯ ಕಾಜಲ ಮರಾಠಿಯಲ್ಲಿ ಮಾತಿಗಿಳಿದರೆ, ದಲಿತ ಬೌದ್ಧರ ಓಣಿಯ ನೀಲಮ ಕನ್ನಡದಲ್ಲಿ ಮುಗಿಸುತ್ತಿದ್ದಳು. ಒಂದು ಸಂಜೆ ಪ್ರಚಾರ ನೀಲಮಳ ಓಣಿಗೆ ಬಂತು. ಅವಳ ಅತ್ತೆ ಸುಂದರಾ ಚಹಾ, ನೀರು ತಂದಿಟ್ಟಳು. ಕಾಜಲ ಎರಡನ್ನೂ ಮುಟ್ಟಲಿಲ್ಲ. ಸುಗಂಧಾ ಆಗ ಓಣಿಯ ಆಚೆ ತುದಿಯಲ್ಲಿದ್ದಳು.

ಮರುದಿನ ನೀಲಮ ಪಕ್ಷದ ಶಾಲು ತಂದು ಸುಗಂಧಾಳ ಕಟ್ಟೆಯ ಮೇಲಿಟ್ಟಳು.

“ನಮ್ಮ ವೋಟ ಬೇಕು, ನಮ್ಮ ಮನಿ ನೀರ ಬ್ಯಾಡ. ಇದ್ಯಾವ ನ್ಯಾಯರಿ ವೈನಿ?”

ಕಾಜಲಳನ್ನು ಕೇಳಿದರೆ ಅವಳ ಕಣ್ಣಲ್ಲಿ ನೀರು. “ಹೊತ್ತ ಮುಳುಗಿತ್ರಿ ಕಾಕು. ಆಮ್ಯಾಲ ನಾ ನೀರೂ ಕುಡಿಯಂಗಿಲ್ಲ. ನಿಮಗ ಗೊತ್ತಿಲ್ಲೇನು?”

ಗೊತ್ತಿತ್ತು. ಸುಗಂಧಾಳೂ ಅದೇ ಜೈನ ನೇಮದವಳು. ಆದರೆ ಆಗ ನಿಜಕ್ಕೂ ಹೊತ್ತು ಮುಳುಗಿತ್ತೇ? ಬೇವಿನ ತುದಿಯಲ್ಲಿ ಬಿಸಿಲು ಕಂಡ ಹಾಗೆ ನೆನಪು. ಅದು ಹಿಂದಿನ ದಿನದ್ದೂ ಇರಬಹುದು. ಮಿರಜದ ಒಂದು ಮದುವೆಯಲ್ಲಿ ದೀಪ ಹಚ್ಚಿದ ಮೇಲೆ ಐಸ್‌ಕ್ರೀಮ್ ತಿಂದವಳು ಕಾಜಲಳೋ, ಅವಳ ತಂಗಿಯೋ?

“ಇಬ್ಬರಿಗೂ ಬ್ಯಾರೆ ಬ್ಯಾರೆ ಓಣಿ ಹಂಚಿಬಿಡು,” ಎಂದ ಸುಗಂಧಾಳ ಗಂಡ ಬಾಪುಸಾಹೇಬ. ಅದು ಅವಳಿಗೆ ಸರಿಕಾಣಲಿಲ್ಲ. ನಡುಮಧ್ಯಾಹ್ನ ಕಾಜಲಳನ್ನು ಕರೆದುಕೊಂಡು ಸುಂದರಾಳ ಮನೆಗೇ ಹೋದಳು. ಕಾಜಲ ಕೇಳಿ ನೀರು ಇಸಿದುಕೊಂಡು ಗಟಗಟ ಕುಡಿದಳು.

“ನೀವು ಕರಕೊಂಡ ಬಂದೀರಿ, ಕುಡದಾಳ,” ಎಂದಳು ನೀಲಮ, ಬಾಗಿಲಿಗೆ ಒರಗಿ.

ಸುಂದರಾ ಸೊಸೆಯನ್ನು ಗದರಿದಳು. ಆಮೇಲೆ ಸುಗಂಧಾಳ ಕಡೆ ತಿರುಗಿ, “ನೀವೂ ಕುಡೀರಿ ಅಕ್ಕಾರ. ನಮ್ಮ ಮನಿಗೆ ಇದ ಮೊದಲನೇ ಸಲ ಬಂದೀರಿ,” ಎಂದಳು. ಮಾತಿನಲ್ಲಿ ಕೊಂಕಿರಲಿಲ್ಲ. ಸುಗಂಧಾ ಲೋಟ ತೆಗೆದುಕೊಂಡಳು. ಮದುವೆಯಾಗಿ ಬಂದಾಗಿನಿಂದ ಇದೇ ಊರು, ಸುಂದರಾ ಇವಳ ತೋಟದಲ್ಲೇ ಗೊಂಚಲು ಕತ್ತರಿಸಿದವಳು. ಹೊತ್ತು ಮುಳುಗಿದ ಮೇಲಿನ ನೇಮ ಇರಲಿ, ಬರಲು ಹಗಲಿಗೇನು ಬರ ಇತ್ತೇ? ಯಾಕೆ ಬಂದಿರಲಿಲ್ಲ ಎಂದು ಕೇಳಿಕೊಳ್ಳುತ್ತಲೇ ಲೋಟ ಬರಿದು ಮಾಡಿದಳು.

ನೀಲಮ ಶಾಲು ಹೊದ್ದು ಮತ್ತೆ ಪ್ರಚಾರಕ್ಕೆ ಬಂದಳು, ಕಾಜಲಳ ಜೊತೆ ಮಾತು ಮಾತ್ರ ಬೇಕಾದಷ್ಟೇ. ಅಭ್ಯರ್ಥಿ ಗೆದ್ದ. ತಂಡ ಒಡೆಯದಂತೆ ನೋಡಿಕೊಂಡಳೆಂದು ಪಕ್ಷದವರು ಸುಗಂಧಾಳಿಗೆ ಹಾರ ಹಾಕಿದರು. ತಾನು ಏನನ್ನು ಬಗೆಹರಿಸಿದೆ ಎಂದು ತಿಳಿಯದೆ ಅವಳು ಕೈಮುಗಿದಳು.